ಹಿಂದಿನ ಬೀದಿ ಎನ್ನುವ ಮಾತು

"ಲೆಕ್ಕದಲ್ಲಿ ದೊಡ್ಡ ಹಿಂದಿನ ಬೀದಿ ಮಾಡ್ಬಿಟ್ಟೆ ಅಮ್ಮ," ಎನ್ನುತ್ತ ಮಗಳು ಚೀಲವನ್ನು ಕುರ್ಚಿಯ ಮೇಲೆ ಒಗೆದಳು. "ಕೂಡಬೇಕಾದ್ದನ್ನೆಲ್ಲ ಗುಣಿಸಿದ್ದೀನಿ. ಒಂದಲ್ಲ ಎರಡಲ್ಲ, ಎಂಟು ಲೆಕ್ಕ. ಅಕ್ಷರ ಮಾತ್ರ ಮುತ್ತಿನ ಹಾಗೆ!"

ಅಮ್ಮ ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದಳು. ಲೋಟ ತುಂಬಿ ಚಹಾ ಕಟ್ಟೆಯ ಮೇಲೆ ಹರಿದರೂ ಅವಳ ಕೈ ಬಗ್ಗಿದಂತೆಯೇ ಇತ್ತು.

"ಆ ಮಾತು ಎಲ್ಲಿ ಕಲಿತೆ?"

"ಯಾವ ಮಾತು?"

"ಅದೇ, ಈಗ ಅಂದ್ಯಲ್ಲ."

"ಹಿಂದಿನ ಬೀದಿನಾ? ಎಲ್ರೂ ಅಂತಾರಲ್ಲಮ್ಮ. ನಮ್ಮ ಟೀಚರ್ ಕೂಡ ಅಂತಾರೆ. ಅಮ್ಮಾ, ಚಹಾ! ಚಹಾ ಚೆಲ್ತಾ ಇದೆ!"

ಅಮ್ಮ ಪಾತ್ರೆ ಇಟ್ಟು ಬಟ್ಟೆ ತಂದು ಕಟ್ಟೆ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಈ ದಿನ ಎಂದಾದರೂ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅದು ಹೀಗೆ, ಲೆಕ್ಕದ ಪುಸ್ತಕದೊಳಗಿಂದ ಬರುತ್ತದೆ ಎಂದುಕೊಂಡಿರಲಿಲ್ಲ.

ಅವಳು ಅಗ್ನಿಶಾಮಕ ಠಾಣೆಯಲ್ಲಿ ಫೋನ್ ಎತ್ತುವವಳು. ಹದಿನೈದು ವರ್ಷದಿಂದ ಅದೇ ಕೆಲಸ. ಠಾಣೆಯವರೆಲ್ಲ ಅವಳನ್ನು ಫೋನಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅವಳ ಪಾಳಿ. ಗಾಡಿ ನಿಲ್ಲಿಸುವ ದೊಡ್ಡ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಕೋಣೆ. ಎರಡು ಫೋನು, ಒಂದು ವೈರ್‌ಲೆಸ್ಸು, ಗೋಡೆಯ ಉದ್ದಗಲಕ್ಕೂ ಊರಿನ ನಕ್ಷೆ, ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು, ಕರೆ ಬರೆದಿಡುವ ದಪ್ಪ ಪುಸ್ತಕ. ಕಿರುಚುವವರು, ಅಳುವವರು, ಬಾಯಿಂದ ಮಾತೇ ಬರದವರು, ಬೆಂಕಿ ಇಲ್ಲದಿದ್ದರೂ ತಮಾಷೆಗೆ ಫೋನ್ ಮಾಡುವ ಪುಂಡರು, ಎಲ್ಲರ ಧ್ವನಿಯೂ ಮೊದಲು ಬೀಳುವುದು ಅವಳ ಕಿವಿಗೆ. ಅವಳು ಬಾಯಿ ಬಿಟ್ಟು ಬೀದಿಯ ಹೆಸರು ಹೇಳಿದ ಮೇಲೆಯೇ ಗಾಡಿಯ ಚಕ್ರ ಉರುಳುವುದು.

ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಪಾಳಿ ಮುಗಿಯಲು ಇನ್ನು ಇಪ್ಪತ್ತು ನಿಮಿಷ ಇದ್ದಾಗ ಫೋನು ಬಂತು. ವಯಸ್ಸಾದ ಗಂಡಸಿನ ಧ್ವನಿ. ಲೈನಿನಲ್ಲಿ ಕಾಳು ಹುರಿದಂತೆ ಚಟಪಟ ಸದ್ದು.

"ಬೆಂಕಿ ತಾಯಿ, ಬೆಂಕಿ! ಹಿಟ್ಟಿನ ಗಿರಣಿ... ಗಿರಣಿ ಹಿಂದಿನ ಬೀದಿ! ಬೇಗ ಬನ್ನಿ!"

"ಹಿಂದಿನ ಬೀದಿನಾ?" ಎಂದು ಅವಳು ಕೇಳಿದಳು.

"ಹೂಂ, ಹೂಂ, ಬೇಗ!"

ಲೈನ್ ಕಡಿಯಿತು. ಅವಳು ಗಂಟೆ ಬಾರಿಸಿ ವೈರ್‌ಲೆಸ್‌ನಲ್ಲಿ ಹೇಳಿದಳು: ಗಿರಣಿಯ ಹಿಂದಿನ ಬೀದಿ. ಗಾಡಿ ಹೊರಟಿತು. ಐದೂವರೆ ನಿಮಿಷದಲ್ಲಿ ತಲುಪಿತು ಕೂಡ. ಆಮೇಲೆ ಗಾಡಿಯ ಡ್ರೈವರಣ್ಣನ ಧ್ವನಿ ಬಂತು.

"ಅಕ್ಕ, ಇಲ್ಲಿ ಏನೂ ಇಲ್ಲ. ಹೊಗೆ ಗೋಡೆಯ ಆಚೆ ಕಡೆ ಕಾಣ್ತಿದೆ. ಬೆಂಕಿ ಇರೋದು ಮುಂದಿನ ಬೀದೀಲಿ. ನಾವು ಹಿಂದಿನ ಬೀದೀಲಿದ್ದೀವಿ."

ಗಿರಣಿಯ ಗೋಡೆ ಮುನ್ನೂರು ಹೆಜ್ಜೆ ಉದ್ದ. ನಡುವೆ ದಾರಿಯಿಲ್ಲ. ಓಣಿ ಎಷ್ಟು ಕಿರಿದೆಂದರೆ ಗಾಡಿ ತಿರುಗಿಸಲಾಗದೆ ಹಿಂದಕ್ಕೇ ತೆಗೆಯಬೇಕಾಯಿತು. ಬಳಸಿಕೊಂಡು ಮುಂದಿನ ಬೀದಿ ಸೇರುವಷ್ಟರಲ್ಲಿ ಮತ್ತೆ ಒಂಬತ್ತು ನಿಮಿಷ ಹೋಗಿತ್ತು. ಉರಿಯುತ್ತಿದ್ದುದು ಒಬ್ಬ ಬಡಗಿಯ ಕಾರ್ಖಾನೆ. ಒಣಗಿದ ಮರ, ಮೆರುಗೆಣ್ಣೆ, ಮರದ ಹೊಟ್ಟು. ಒಂಬತ್ತು ನಿಮಿಷ ಅದಕ್ಕೆ ಧಾರಾಳವಾಯಿತು. ಮಾಡಿಟ್ಟ ಬಾಗಿಲುಗಳನ್ನು ಉಳಿಸಿಕೊಳ್ಳಲೆಂದು ಬಡಗಿ ಎರಡು ಸಲ ಒಳಗೆ ಹೋಗಿ ಬಂದಿದ್ದ. ಮೂರನೆಯ ಸಲ ಹೋದಾಗ ಮಾಡು ಕುಸಿಯಿತು. ಜೀವ ಉಳಿಯಿತು. ಬಲಗೈ ಸುಟ್ಟು ಬೆರಳುಗಳು ಅಂಟಿಕೊಂಡವು.

ವಿಚಾರಣೆ ನಡೆಯಿತು. ಫೋನ್ ಮಾಡಿದ್ದು ಬಡಗಿಯ ಅಣ್ಣ. ತಾನು ಹೇಳಿದ್ದು "ಮುಂದಿನ ಬೀದಿ" ಎಂದು ಅವನು ಆಣೆ ಮಾಡಿ ಹೇಳಿದ. ತನಗೆ ಕೇಳಿಸಿದ್ದು "ಹಿಂದಿನ ಬೀದಿ" ಎಂದು ಅವಳು ಹೇಳಿದಳು. ಮಾತು ಮುದ್ರಿಸಿಕೊಳ್ಳುವ ಯಂತ್ರ ಆಗ ಠಾಣೆಯಲ್ಲಿ ಇರಲಿಲ್ಲ. ಆ ಎರಡು ಶಬ್ದಗಳ ನಡುವೆ ಇರುವುದಾದರೂ ಎಷ್ಟು? ಒಂದೇ ಒಂದು ಅಕ್ಷರ. ಉಳಿದದ್ದೆಲ್ಲ ಒಂದೇ. ಮೇಲಿನವರು ಅವಳಿಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟು ಕಡತ ಮುಚ್ಚಿದರು.

ಅವಳಿಗೆ ಮಾತ್ರ ಅದನ್ನು ಮುಚ್ಚಲಾಗಲಿಲ್ಲ. ಸ್ನಾನದ ಮನೆಯಲ್ಲಿ ನೀರು ಸುರಿದುಕೊಳ್ಳುತ್ತ ಆ ಧ್ವನಿಯನ್ನು ನೆನಪಿಸಿಕೊಳ್ಳುತ್ತಿದ್ದಳು. ಹಿಂದಿನ. ಮುಂದಿನ. ನೂರು ಸಲ ನೆನೆದ ಮೇಲೆ ಅವನು ನಿಜವಾಗಿ ಏನು ಹೇಳಿದ್ದ ಎಂಬುದೇ ಕಲಸಿಹೋಯಿತು.

ಎರಡು ತಿಂಗಳು ಕಳೆದಿರಲಿಲ್ಲ, ಠಾಣೆಯ ಅಡುಗೆಯವನು ಸಾರಿಗೆ ಎರಡು ಸಲ ಉಪ್ಪು ಹಾಕಿದ. ಊಟಕ್ಕೆ ಕೂತವರಲ್ಲಿ ಯಾರೋ ಅಂದರು: "ಏನಯ್ಯಾ, ಹಿಂದಿನ ಬೀದಿಗೆ ಹೋಗಿಬಿಟ್ಟೆ?" ನಗು ಎದ್ದಿತು. ಬಾಗಿಲಲ್ಲಿ ಅವಳು ನಿಂತಿದ್ದನ್ನು ಕಂಡು ನಗು ಹಾಗೇ ಸತ್ತಿತು. ಅವತ್ತಿನಿಂದ ಅವಳು ಊಟದ ಡಬ್ಬಿಯನ್ನು ಫೋನಿನ ಕೋಣೆಯಲ್ಲೇ ಬಿಚ್ಚತೊಡಗಿದಳು. ತನ್ನನ್ನು ಚುಚ್ಚಲೆಂದೇ ಠಾಣೆಯವರು ಆ ಮಾತು ಕಟ್ಟಿದ್ದಾರೆ ಎಂದು ಅವಳ ಮನಸ್ಸು ಗಟ್ಟಿಯಾಗಿ ತೀರ್ಮಾನಿಸಿತು.

ಮಾತಿಗೆ ಕಾಲು ಬಂತು. ಮೊದಲು ಬಸ್ ನಿಲ್ದಾಣದಲ್ಲಿ ಕೇಳಿಸಿತು. ಆಮೇಲೆ ಹೊಲಿಗೆಯವನ ಅಂಗಡಿಯಲ್ಲಿ: ಎಡಗಡೆಯ ತೋಳನ್ನು ಬಲಗಡೆಗೆ ಹೊಲಿದು, "ಹಿಂದಿನ ಬೀದಿ ಆಯ್ತು, ಬಿಚ್ಚಿ ಕೊಡ್ತೀನಿ ಇರಿ," ಎಂದ. ಒಮ್ಮೆ ಔಷಧಿ ಅಂಗಡಿಯ ಸಾಲಿನಲ್ಲಿ ಇಬ್ಬರು ಹೆಂಗಸರು ಯಾರದೋ ಗಂಡನನ್ನು "ಅವನೊಬ್ಬ ಹಿಂದಿನ ಬೀದಿ ಗಿರಾಕಿ" ಎಂದು ಆಡಿಕೊಂಡು ನಕ್ಕರು. ಅವಳು ಔಷಧಿ ಕೊಳ್ಳದೆ ಮನೆಗೆ ಬಂದಳು. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು, ಮಾತು ಕಡಿಮೆ. ಅವನು ಆ ಮಾತನ್ನು ಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಮಗಳಿಗೆ ಆಗ ಒಂದು ವರ್ಷ. ಈಗ ಹನ್ನೆರಡು.

ಚಹಾ ಚೆಲ್ಲಿದ ವಾರವೇ ಮಗಳ ಟೀಚರ್ ಒಂದು ಕೆಲಸ ಕೊಟ್ಟರು. ಊರಿನಲ್ಲಿ ಜನ ಆಡುವ, ನಿಘಂಟಿನಲ್ಲಿ ಇಲ್ಲದ ಒಂದು ಮಾತನ್ನು ಆರಿಸಿಕೊಳ್ಳಬೇಕು. ಅದರ ಅರ್ಥ, ಅದು ಹುಟ್ಟಿದ ಬಗೆ ಎರಡನ್ನೂ ಕೇಳಿ ತಿಳಿದು ಬರೆಯಬೇಕು. ಮಗಳು ಯಾವ ಮಾತನ್ನು ಆರಿಸಿಕೊಂಡಳೆಂದು ಬೇರೆ ಹೇಳಬೇಕಿಲ್ಲ.

"ಬೇರೆ ಯಾವುದಾದ್ರೂ ತಗೋ," ಎಂದಳು ಅಮ್ಮ. "ಎಡವಟ್ಟು ಅಂತಾರಲ್ಲ, ಅದೂ ತಪ್ಪು ಮಾಡೋದೇ."

"ಎಡವಟ್ಟು ಬೇರೆ, ಇದು ಬೇರೆ," ಎಂದಳು ಮಗಳು, ಬೆರಳೆತ್ತಿ. "ನೋಡಮ್ಮ, ನಾನು ನೀರಿನ ಬಾಟಲಿ ಮರೆತು ಹೋದ್ರೆ ಅದು ಎಡವಟ್ಟು. ನಿಧಾನವಾಗಿ, ಶ್ರದ್ಧೆಯಿಂದ, ಇದೇ ಸರಿ ಅಂತ ನಂಬಿ, ಓಡೋಡಿ ಹೋಗಿ ತಪ್ಪು ಮಾಡಿದ್ರೆ ಅದು ಹಿಂದಿನ ಬೀದಿ. ಸೋಮಾರಿಗಳು ಹಿಂದಿನ ಬೀದಿ ಮಾಡೋಕ್ಕಾಗಲ್ಲ."

ಅಮ್ಮ ತಲೆ ಎತ್ತಿ ಮಗಳ ಮುಖ ನೋಡಿದಳು. ಹನ್ನೊಂದು ವರ್ಷದಲ್ಲಿ ಆ ಮಾತಿನ ಅರ್ಥವನ್ನು ಅವಳು ಯಾರ ಬಾಯಿಂದಲೂ ಕೇಳಿರಲಿಲ್ಲ. ಕೇಳುವಷ್ಟು ಹೊತ್ತು ನಿಂತಿರಲೇ ಇಲ್ಲ.

ಮಗಳು ದಿನಕ್ಕೊಂದು ಕಥೆ ಹೊತ್ತು ಮನೆಗೆ ಬರತೊಡಗಿದಳು. ಕ್ಷೌರದಂಗಡಿಯವನ ಪ್ರಕಾರ, ಒಬ್ಬ ಕುಡುಕ ದಾರಿ ತಪ್ಪಿ ಹಿಂದಿನ ಬೀದಿಯ ಯಾರದೋ ಮನೆಗೆ ನುಗ್ಗಿ, ಊಟ ಯಾಕೆ ಬಡಿಸಿಲ್ಲ ಎಂದು ಆ ಮನೆಯಾಕೆಯ ಮೇಲೆ ರೇಗಿದ್ದನಂತೆ. ಅಂಚೆಯಣ್ಣ ಹೇಳಿದ್ದು ಬೇರೆ: ಒಬ್ಬಳಿಗೆ ಬರೆದ ಪ್ರೇಮಪತ್ರ ಹಿಂದಿನ ಬೀದಿಯ ಇನ್ನೊಬ್ಬಳ ಕೈ ಸೇರಿ, ಅವಳೇ ಆ ಹುಡುಗನನ್ನು ಮದುವೆಯಾಗಿ ಮೂರು ಮಕ್ಕಳನ್ನು ಹೆತ್ತಳಂತೆ. ಟೀಚರ್‌ಗಂತೂ ಅನುಮಾನವೇ ಇರಲಿಲ್ಲ. ಹಿಂದು ಮುಂದು ನೋಡದೆ ಮಾಡುವುದು ಎನ್ನುತ್ತೇವಲ್ಲ, ಅದೇ ಸವೆದು ಸವೆದು ಹೀಗಾಗಿದೆ ಎಂದಿದ್ದರು.

ಒಂದೊಂದು ಕಥೆ ಬಂದಾಗಲೂ ಅಮ್ಮನ ಎದೆ ಹಗುರಾಗುತ್ತಿತ್ತು. ಇನ್ನೂ ಹತ್ತು ಸುಳ್ಳು ಕಥೆ ಸಿಗಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದಳು.

ಬುಧವಾರ ಸಂಜೆ ಮಗಳು ಬಾಗಿಲಿನಿಂದಲೇ ಕೂಗಿಕೊಂಡು ಬಂದಳು.

"ಅಮ್ಮಾ, ಇದು ನಿಮ್ಮ ಸ್ಟೇಷನ್ ಮಾತಂತೆ! ಮೂಲೆಮನೆ ಅಜ್ಜಿ ಹೇಳಿದ್ರು. ಬೆಂಕಿ ಗಾಡಿ ದಾರಿ ತಪ್ಪಿ ಗಿರಣಿ ಹಿಂದಿನ ಬೀದಿಗೆ ಹೋಗಿತ್ತಂತೆ. ಡ್ರೈವರ್ ಮಾವ ಅವತ್ತು ಕುಡಿದಿದ್ರಂತೆ!"

"ಅವನು ಜನ್ಮದಲ್ಲಿ ಕುಡಿದವನಲ್ಲ." ಅಮ್ಮನ ಧ್ವನಿ ಎಷ್ಟು ಜೋರಾಗಿ ಬಂತೆಂದರೆ, ಮೂಲೆಯಲ್ಲಿ ಗಡಿಯಾರ ಬಿಚ್ಚಿಕೊಂಡು ಕೂತಿದ್ದ ಗಂಡ ಕಣ್ಣಿಗೆ ಸಿಕ್ಕಿಸಿದ್ದ ಗಾಜನ್ನು ತೆಗೆದ.

"ಮತ್ತೆ ಯಾಕೆ ದಾರಿ ತಪ್ಪಿದ್ರು?"

"ನನಗೇನು ಗೊತ್ತು?"

"ನೀನು ಅಲ್ಲೇ ಕೆಲಸ ಮಾಡ್ತೀಯಲ್ಲ! ಇರ್ಲಿ ಬಿಡು. ಬೆಂಕಿ ಬಿದ್ದಿದ್ದು ಒಬ್ಬರು ಬಡಗಿ ತಾತನ ಅಂಗಡಿಗಂತೆ. ಅವರು ಇನ್ನೂ ಅಲ್ಲೇ ಇದ್ದಾರಂತೆ. ನಾಳೆ ಸ್ಕೂಲ್ ಬಿಟ್ಟ ಮೇಲೆ ಹೋಗಿ ಅವರನ್ನೇ ಕೇಳ್ತೀನಿ."

ಮಗಳು ಕೈಕಾಲು ತೊಳೆಯಲು ಹೋದಾಗ ಗಂಡ ಮೆಲ್ಲಗೆ ಹೇಳಿದ: "ಬೇರೆಯವರ ಬಾಯಿಂದ ಕೇಳೋದಕ್ಕಿಂತ ನೀನೇ ಹೇಳಿಬಿಡು."

"ನಾಳೆ ಹೇಳ್ತೀನಿ," ಎಂದಳು ಅವಳು. "ಅವಳು ಅಲ್ಲಿಗೆ ಹೋಗೋ ಮೊದಲೇ ಸ್ಕೂಲ್ ಹತ್ರ ಹೋಗಿ ಹೇಳ್ತೀನಿ."

ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಮೊದಲ ಫೋನು ಹೊಡೆದುಕೊಂಡಿತು.

"ಹಲೋ... ಹೊಗೆ... ಮೆಟ್ಟಿಲ ಹತ್ರ ಪೂರ್ತಿ ಹೊಗೆ! ಕೆಳಗೆ ಹೋಗೋಕ್ಕಾಗ್ತಿಲ್ಲ!" ಎಳೆಯ ವಯಸ್ಸಿನ ಹೆಂಗಸು. ಮಾತಿನ ನಡುವೆ ಕೆಮ್ಮು.

"ಎಲ್ಲಮ್ಮ? ಯಾವ ಬೀದಿ?"

"ಗೊತ್ತಿಲ್ಲ! ನಾವು ಈ ಊರಿಗೆ ಬಂದು ಮೂರೇ ದಿನ ಆಯ್ತು. ಹೊಸ ಬಿಲ್ಡಿಂಗು. ನಾಲ್ಕನೇ ಮಹಡಿ. ನಾನು, ನಮ್ಮತ್ತೆ ಇಬ್ಬರೇ. ಅತ್ತೆಗೆ ನಡೆಯೋಕ್ಕಾಗಲ್ಲ."

"ಬಾಗಿಲು ಮುಚ್ಚಿ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ. ಅತ್ತೇನ ಕಿಟಕಿ ಹತ್ರ ಕರ್ಕೊಂಡು ಬನ್ನಿ. ಫೋನ್ ಮಾತ್ರ ಇಡಬೇಡಿ."

ಅವಳು ಗಂಟೆ ಬಾರಿಸಿದಳು. ಕೊಟ್ಟಿಗೆಯಲ್ಲಿ ಬೂಟುಗಳ ಸದ್ದು, ಗಾಡಿಯ ಗುಡುಗು. ಊರಿನಲ್ಲಿ ಹೊಸ ಕಟ್ಟಡಗಳು ಎದ್ದಿರುವುದು ಒಂದೇ ಕಡೆ, ಸೇತುವೆಯಾಚೆ. ಗಾಡಿ ಅತ್ತ ಹೊರಡಲಿ ಎಂದು ಹೇಳಿ ಮತ್ತೆ ಫೋನಿಗೆ ಬಂದಳು.

"ಕಿಟಕಿಯಿಂದ ಎದುರಿಗೆ ಏನು ಕಾಣುತ್ತೆ? ಕಂಡದ್ದನ್ನ ಕಂಡ ಹಾಗೇ ಹೇಳಿ."

"ಒಂದು ದೊಡ್ಡ ಬೂಟು! ತಗಡಿನ ಬೂಟು, ಎದುರು ಮಾಳಿಗೆ ಮೇಲೆ."

ಚಪ್ಪಲಿ ಅಂಗಡಿಯ ತಗಡಿನ ಬೂಟು. ಊರಿಗೆಲ್ಲ ಗೊತ್ತಿದ್ದ ಗುರುತು. ಆದರೆ ಅದರ ಮುಂದೆಯೂ ಹೊಸ ಕಟ್ಟಡಗಳು, ಹಿಂದೆಯೂ ಹೊಸ ಕಟ್ಟಡಗಳು. ನಡುವೆ ಅಂಗಡಿಗಳ ಉದ್ದನೆಯ ಸಾಲು. ಒಂದು ಬೀದಿಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಸಂತೆಯಂತೆ ತುಂಬಿದ ವೃತ್ತ ಸುತ್ತಿ ಬರಬೇಕು.

ಅಷ್ಟರಲ್ಲಿ ಎರಡನೆಯ ಫೋನು ಹೊಡೆದುಕೊಂಡಿತು. ಜೊತೆಯ ಗುಮಾಸ್ತ ಎತ್ತಿದ. ಕೇಳಿಸಿಕೊಂಡು, ಕೈಯಿಂದ ಫೋನಿನ ಬಾಯಿ ಮುಚ್ಚಿ ಹೇಳಿದ: "ದಾರಿಹೋಕರೊಬ್ಬರು, ಅಕ್ಕ. ಚಪ್ಪಲಿ ಅಂಗಡಿ ಮುಂದಿನ ಬೀದೀಲಿ ಹೊಗೆ ದಟ್ಟವಾಗಿದೆ ಅಂತಿದ್ದಾರೆ. ಕಣ್ಣಾರೆ ನೋಡ್ತಾ ಇದ್ದಾರಂತೆ."

ವೈರ್‌ಲೆಸ್ ಕರಕರ ಎಂದಿತು. ಡ್ರೈವರಣ್ಣ: "ಸೇತುವೆ ದಾಟ್ತಾ ಇದ್ದೀನಿ ಅಕ್ಕ. ವೃತ್ತಕ್ಕೆ ಒಂದು ನಿಮಿಷ. ಯಾವ ಕಡೆ?"

ಠಾಣೆಯ ಸಾಹೇಬರು ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಗುಮಾಸ್ತ ಅವರ ಮುಖ ನೋಡಿದ. ಅವರು ಇವಳ ಮುಖ ನೋಡಿದರು.

ಅವಳು ಫೋನಿನಲ್ಲಿ ಕೇಳಿದಳು: "ಆ ಬೂಟಿನ ಮೂತಿ ಯಾವ ಕಡೆಗಿದೆ? ನಿಮ್ಮ ಎಡಕ್ಕೋ ಬಲಕ್ಕೋ?"

"ಎಡಕ್ಕೆ... ಅಲ್ಲ... ಹೂಂ, ಎಡಕ್ಕೆ."

ಮುಂದಿನ ಬೀದಿಯಲ್ಲಿ ನಿಂತು ನೋಡಿದವರಿಗೆ ಬೂಟಿನ ಮೂತಿ ಬಲಕ್ಕೆ ಕಾಣುತ್ತದೆ. ಎಡಕ್ಕೆ ಕಂಡರೆ ಅವರು ಅದರ ಬೆನ್ನಿನ ಕಡೆ ಇದ್ದಾರೆ ಎಂದರ್ಥ. ಆದರೆ ಗಾಬರಿಯಾದವರಿಗೆ ಎಡ ಬಲ ತಿಳಿಯುವುದಿಲ್ಲ. ಇದನ್ನು ಅವಳು ಹದಿನೈದು ವರ್ಷ ನೋಡಿದ್ದಳು.

"ಬರೆಯೋ ಕೈ ಎತ್ತಿ ನೋಡಮ್ಮ. ಮೂತಿ ಬರೆಯೋ ಕೈ ಕಡೆಗಿದೆಯಾ, ಇನ್ನೊಂದು ಕೈ ಕಡೆಗಾ?"

"ಬರೆಯೋ ಕೈ ಕಡೆಗೆ!"

ಬರೆಯುವ ಕೈ ಎಂದರೆ ಬಲ. ಬಲ ಎಂದರೆ ಮುಂದಿನ ಬೀದಿ.

"ಈಗ ತಾನೆ ಎಡಕ್ಕೆ ಅಂದ್ರಿ?"

"ಎಡಕ್ಕೇ ಅಕ್ಕಾ! ನಾನು ಎಡಚಿ! ಎಡಗೈಲೇ ಬರೆಯೋದು!"

"ಅಕ್ಕ, ವೃತ್ತಕ್ಕೆ ಬಂದೆ," ಎಂದಿತು ವೈರ್‌ಲೆಸ್. "ಮುಂದಿನ ಬೀದಿಯೋ, ಹಿಂದಿನ..." ಡ್ರೈವರಣ್ಣ ಅಲ್ಲಿಗೇ ನಿಲ್ಲಿಸಿದ. ಹನ್ನೊಂದು ವರ್ಷದಲ್ಲಿ ಅವನು ಆ ಮಾತನ್ನು ಅವಳೆದುರು ಆಡಿರಲಿಲ್ಲ.

"ಮುಂದಿನ ಬೀದೀಲಿ ಹೊಗೆ ಇದೆ ಅಂತ ಇನ್ನೊಬ್ಬರೂ ಫೋನ್ ಮಾಡಿದ್ರು," ಎಂದ ಗುಮಾಸ್ತ.

ಅವಳು ಕೊನೆಯ ಪ್ರಶ್ನೆ ಕೇಳಿದಳು. "ಬೂಟಿನ ಮೈಮೇಲೆ ಬಣ್ಣ ಕಾಣುತ್ತಾ, ಅದನ್ನ ನಿಲ್ಲಿಸಿರೋ ಕಂಬಿ ಕಾಣುತ್ತಾ?"

"ಬಣ್ಣ ಇಲ್ಲ. ತುಕ್ಕು ಹಿಡಿದ ಕಂಬಿ... ಅಕ್ಕ, ಒಳಗೂ ಹೊಗೆ ಬರ್ತಿದೆ..."

ಅವಳು ವೈರ್‌ಲೆಸ್ಸಿನ ಗುಂಡಿ ಒತ್ತಿದಳು.

"ಹಿಂದಿನ ಬೀದಿ," ಎಂದಳು. "ಹಕಾರ. ಹಿಂದಿನ. ಬೂಟಿನ ಬೆನ್ನ ಕಡೆ, ನಾಲ್ಕನೇ ಮಹಡಿ. ಇಬ್ಬರು ಹೆಂಗಸರು, ಒಬ್ಬರಿಗೆ ನಡೆಯೋಕ್ಕಾಗಲ್ಲ. ಏಣಿ ಸಿದ್ಧ ಇಟ್ಕೊಳ್ಳಿ."

"ಹಿಂದಿನ ಬೀದಿ. ಹೊರಟೆ."

ಅತ್ತ ಫೋನಿನಲ್ಲಿ ಏನೋ ಧೊಪ್ಪನೆ ಬಿದ್ದ ಸದ್ದಾಯಿತು. ಆಮೇಲೆ ಧ್ವನಿ ಇಲ್ಲ. ಅವಳು "ಅಮ್ಮಾ, ಇದ್ದೀರಾ? ಮಾತಾಡಿ," ಎನ್ನುತ್ತಲೇ ಇದ್ದಳು. ಲೈನು ಕಡಿದಿರಲಿಲ್ಲ, ಆ ಕೋಣೆಯ ಗಾಳಿಯ ಸದ್ದು ಮಾತ್ರ ಕೇಳಿಸುತ್ತಿತ್ತು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು. ಎರಡನೆಯ ಸುತ್ತು ಶುರುವಾಯಿತು. ಸಾಹೇಬರು ಕುಳಿತುಕೊಳ್ಳಲೂ ಇಲ್ಲ, ಒಳಗೆ ಬರಲೂ ಇಲ್ಲ. ಹೊಗೆ ಮುಂದಿನ ಬೀದಿಯಲ್ಲಿ ಕಂಡಿದೆ ಎಂದ ಮನುಷ್ಯನಿಗೆ ಸುಳ್ಳು ಹೇಳುವ ಕಾರಣವೇ ಇಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಅಕ್ಕ." ಡ್ರೈವರಣ್ಣನ ಧ್ವನಿ. ಏದುಸಿರು. "ಸಿಕ್ಕಿದ್ರು. ಹಿಂದಿನ ಬೀದೀನೇ. ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆ ಹೊತ್ಕೊಂಡಿದೆ. ಗಾಳಿಗೆ ಹೊಗೆಯೆಲ್ಲ ಮಾಳಿಗೆ ದಾಟಿ ಆ ಕಡೆ ಬೀದಿಗೆ ಹೋಗ್ತಿದೆ. ಏಣಿ ಹಾಕಿದ್ದೀವಿ."

ಆರು ನಿಮಿಷದ ಮೇಲೆ ಇನ್ನೊಂದು ಸಲ: "ಇಬ್ಬರೂ ಕೆಳಗೆ. ಅತ್ತೆಯವರು ಏಣಿ ಇಳಿಯೋವಾಗ ಪೂರ್ತಿ ಬೈದ್ರು. ಉಸಿರು ಚೆನ್ನಾಗಿದೆ."

ಗುಮಾಸ್ತ ಗಟ್ಟಿಯಾಗಿ ನಕ್ಕುಬಿಟ್ಟ. ಸಾಹೇಬರು ಒಳಗೆ ಬಂದು ನೀರಿನ ಲೋಟ ತುಂಬಿಸಿ ಅವಳ ಮುಂದಿಟ್ಟು ಹೋದರು. ಅವಳು ಪುಸ್ತಕ ತೆರೆದು ಕರೆ ಬರೆಯತೊಡಗಿದಳು. ಅಕ್ಷರಗಳು ಸಾಲು ಬಿಟ್ಟು ಇಳಿದಿದ್ದವು.

ವರದಿ ಬರೆದು, ಸಾಹೇಬರ ಸಹಿ ಹಾಕಿಸಿ ಹೊರಡುವಷ್ಟರಲ್ಲಿ ಎರಡರ ಬದಲು ಮೂರೂವರೆ ದಾಟಿತ್ತು. ಅವಳು ಶಾಲೆಯ ಬಾಗಿಲಿಗೆ ಓಡುತ್ತ ಹೋದಳು. ಮಕ್ಕಳೆಲ್ಲ ಹೊರಟುಹೋಗಿದ್ದರು. ಅಲ್ಲಿಂದ ಗಿರಣಿಯ ಕಡೆಗೆ ನಡೆದಳು. ಮುಂದಿನ ಬೀದಿಗೆ. ಹನ್ನೊಂದು ವರ್ಷದಲ್ಲಿ ಅವಳು ಆ ಬೀದಿಗೆ ಕಾಲಿಟ್ಟಿರಲಿಲ್ಲ. ಬಸ್ಸು ಆ ದಾರಿ ಹಿಡಿದರೆ ಹಿಂದಿನ ನಿಲ್ದಾಣದಲ್ಲೇ ಇಳಿದುಬಿಡುತ್ತಿದ್ದಳು.

ಬಡಗಿಯ ಹೊಸ ಕಾರ್ಖಾನೆಗೆ ತಗಡಿನ ಮಾಡು ಇತ್ತು. ಬಾಗಿಲು ಅಗಲಕ್ಕೆ ತೆರೆದಿತ್ತು. ಮಗಳು ಮರದ ದಿಮ್ಮಿಯ ಮೇಲೆ ಕೂತು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡಿದ್ದಳು. ಎದುರಿಗೆ ಅರವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ಎಡಗೈಯಲ್ಲಿ ಕೀಸುಳಿ ಹಿಡಿದು ಹಲಗೆ ನಯ ಮಾಡುತ್ತಿದ್ದ. ಬಲಗೈ ಹಲಗೆಯ ಮೇಲೆ ಭಾರವಾಗಿ ಕೂತಿತ್ತು, ಹೆಬ್ಬೆರಳು ಬಿಟ್ಟರೆ ಉಳಿದ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು. ಅವಳು ಬಾಗಿಲ ಪಕ್ಕದಲ್ಲೇ ನಿಂತಳು.

"ಯಾರೂ ಕಟ್ಟಲಿಲ್ಲ ಮರಿ ಆ ಮಾತನ್ನ, ನಾನೇ ಕಟ್ಟಿದ್ದು," ಎನ್ನುತ್ತಿದ್ದ ಬಡಗಿ. "ಆಸ್ಪತ್ರೇಲಿದ್ದೆ. ಕೈಗೆ ಇಷ್ಟು ದಪ್ಪ ಪಟ್ಟಿ. ಒಂದು ದಿನ ಹೊಸ ನರ್ಸಮ್ಮ ಬಂದ್ಲು. ರಕ್ತ ತೆಗೀಬೇಕು, ನರ ಸಿಗ್ತಾ ಇಲ್ಲ. ಚುಚ್ಚಿದ್ದೇ ಚುಚ್ಚಿದ್ದು. ಪಾಪ, ಅವಳ ಕಣ್ಣಲ್ಲಿ ನೀರು ಬಂತು. ನಾನಂದೆ, 'ಬಿಡು ತಾಯಿ, ನೀನೂ ಹಿಂದಿನ ಬೀದಿಗೆ ಹೋಗಿದ್ದೀಯ, ಬಳಸಿಕೊಂಡು ಬಾ, ನಾನೆಲ್ಲೂ ಹೋಗಲ್ಲ' ಅಂತ. ವಾರ್ಡಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಯಾರು ಏನು ತಪ್ಪು ಮಾಡಿದ್ರೂ ಅದೇ ಮಾತು. ನನ್ನ ನೋಡೋಕೆ ಬರ್ತಿದ್ದ ಫೈರ್‌ನವರೂ ಕಲಿತುಕೊಂಡು ಹೋದ್ರು."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಠಾಣೆಯವರ ಊಟದ ಕೋಣೆ, ಸತ್ತ ನಗು, ಹನ್ನೊಂದು ವರ್ಷ ಒಬ್ಬಳೇ ಬಿಚ್ಚಿದ ಡಬ್ಬಿ ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದಂತಾಯಿತು.

"ಗಾಡಿ ಯಾಕೆ ತಪ್ಪು ಬೀದಿಗೆ ಹೋಯ್ತು ತಾತ? ಡ್ರೈವರ್ ಕುಡಿದಿದ್ರಾ?"

"ಛೆ ಛೆ. ಅವನು ಬಂಗಾರದಂಥ ಮನುಷ್ಯ, ನನ್ನನ್ನ ಹೊರಗೆ ಎಳೆದು ಹಾಕಿದ್ದೇ ಅವನು. ಫೋನ್ ಎತ್ತಿದ ಹೆಣ್ಣುಮಗಳೊಬ್ಬಳು..."

"ನಾನು," ಎಂದಳು ಅವಳು, ಒಳಗೆ ಬಂದು. "ಆ ಫೋನ್ ಎತ್ತಿದ್ದು ನಾನು."

ಮಗಳು ತಲೆ ಎತ್ತಿದಳು. ಪೆನ್ನು ಮರದ ಹೊಟ್ಟಿನೊಳಗೆ ಬಿತ್ತು. ಬಡಗಿಯ ಕೈಯಲ್ಲಿ ಕೀಸುಳಿ ನಿಂತಿತು.

"ನೀವಾ?"

"ನಾನೇ. ನನಗೆ ಹಿಂದಿನ ಅಂತ ಕೇಳಿಸ್ತು. ನಿಮ್ಮಣ್ಣ ಮುಂದಿನ ಅಂದಿದ್ರೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ."

ಬಡಗಿ ಕೀಸುಳಿಯನ್ನು ಹಲಗೆಯ ಮೇಲಿಟ್ಟು ಅದಕ್ಕಂಟಿದ ಸಿಪ್ಪೆಯನ್ನು ಹೆಬ್ಬೆರಳಿನಿಂದ ಕೆರೆದ.

"ಅಣ್ಣನ ಬಾಯಲ್ಲಿ ಹಲ್ಲೇ ಇರಲಿಲ್ಲ," ಎಂದ ಕೊನೆಗೆ. "ಅವನು ಏನು ಹೇಳಿದ್ರೂ ನಮಗೇ ಅರ್ಥ ಆಗ್ತಿರಲಿಲ್ಲ. ಹೋಗಿಬಿಟ್ಟ ಈಗ, ಕೇಳೋ ಹಾಗೂ ಇಲ್ಲ. ಅದನ್ನ ನಾನು ಲೆಕ್ಕಕ್ಕೆ ಇಟ್ಟಿಲ್ಲ."

ಅವಳು ಉಸಿರು ಬಿಡುವ ಮೊದಲೇ ಅವನ ಧ್ವನಿ ಏರಿತು.

"ಆದ್ರೆ ನೀವು ಒಂದು ಸಲ ಬಂದು ನೋಡಬಹುದಿತ್ತಲ್ಲಮ್ಮ? ನಿಮ್ಮ ಠಾಣೆ ಇಲ್ಲಿಂದ ಎಷ್ಟು ದೂರ? ಡ್ರೈವರ್ ಬಂದ, ಸಾಹೇಬರು ಬಂದ್ರು, ಗುರುತಿಲ್ಲದವರೆಲ್ಲ ಬಂದ್ರು. ಆ ಫೋನ್ ಎತ್ತಿದವಳು ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ನನ್ನ ಹೆಂಡತಿ ಕಾಯ್ತಿದ್ಲು. ಬೈಯೋಕೆ ಅಂತಲೇ ಕಾಯ್ತಿದ್ಲು ಅಂತಿಟ್ಕೊಳ್ಳಿ. ಬೈಸಿಕೊಂಡು ಹೋಗಬಹುದಿತ್ತು. ಹನ್ನೊಂದು ವರ್ಷ!"

ಅವಳು ಜನ ನಗುವ ಮಾತಿಗೆ ಹೆದರಿಕೊಂಡು ಓಡಾಡಿದ್ದಳೇ ಹೊರತು, ಹೀಗೊಬ್ಬರು ಕಾಯುತ್ತಿರಬಹುದೆಂದು ಅವಳಿಗೆ ತೋಚಿರಲಿಲ್ಲ. ಎಚ್ಚರಿಕೆಯ ಪತ್ರವಾಗಲಿ, ಊರಿನ ನಗುವಾಗಲಿ ತಟ್ಟದ ಜಾಗಕ್ಕೆ ಈ ಮಾತು ಹೋಗಿ ತಟ್ಟಿತು.

"ಧೈರ್ಯ ಆಗಲಿಲ್ಲ," ಎಂದಳು. "ತಪ್ಪಾಯ್ತು."

ಮಗಳು ಎದ್ದು ಬಂದು ಅಮ್ಮನ ಪಕ್ಕದಲ್ಲಿ ನಿಂತಳು. ಕೈ ಹಿಡಿಯಲಿಲ್ಲ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಳು, ಅಷ್ಟೇ.

ಬಡಗಿ ಅವರಿಬ್ಬರನ್ನೂ ನೋಡಿದ. ಆಮೇಲೆ ಗೋಡೆಗೆ ಒರಗಿಸಿದ್ದ ಉದ್ದನೆಯ ಹಲಗೆಯೊಂದನ್ನು ಎಳೆದು ಮೇಜಿನ ಮೇಲೆ ಹಾಕಿದ. ಒಂದು ತುದಿ ಗಾಳಿಯಲ್ಲಿ ತೂಗಾಡಿತು.

"ಕೊಯ್ಯೋವಾಗ ಆ ತುದಿ ಹಿಡ್ಕೊಳ್ಳೋಕೆ ಒಬ್ಬರು ಬೇಕು ನನಗೆ," ಎಂದ. "ಹೆಂಡತಿ ಹಿಡೀತಿದ್ಲು. ಈಗ ಅವಳಿಗೆ ಮಂಡಿ ನೋವು. ಬಂದಿದ್ದೀರಲ್ಲ, ಹಿಡೀರಿ. ಗಟ್ಟಿಯಾಗಿ."

ಅವಳು ಕೈಚೀಲವನ್ನು ಮಗಳಿಗೆ ಕೊಟ್ಟು, ಸೆರಗು ಸಿಕ್ಕಿಸಿ, ಹಲಗೆಯ ತುದಿ ಹಿಡಿದಳು. ಗರಗಸ ಎಡಗೈಯಲ್ಲಿ ನಿಧಾನವಾಗಿ, ಗೆರೆ ತಪ್ಪದೆ ಹೋಗಿ ಬಂತು.

"ತಾತ, ಇದನ್ನೆಲ್ಲ ಬರೀಲಾ?" ಎಂದು ಮಗಳು ಕೇಳಿದಳು.

"ನಿಮ್ಮಮ್ಮನ್ನ ಕೇಳು."

"ಬರಿ," ಎಂದಳು ಅಮ್ಮ. "ಡ್ರೈವರ್ ಮಾವ ಕುಡಿದಿರಲಿಲ್ಲ ಅನ್ನೋದನ್ನ ಮೊದಲು ಬರಿ. ನೋಟ್‌ಬುಕ್ಕನ್ನ ಮೂಲೆಮನೆ ಅಜ್ಜಿಗೂ ತೋರಿಸು."

ಮಗಳು ಹೊಟ್ಟಿನಲ್ಲಿ ಕೈಯಾಡಿಸಿ ಪೆನ್ನು ಹುಡುಕಿಕೊಂಡಳು. ಮೊದಲ ತುಂಡು ಕೆಳಗೆ ಬಿತ್ತು. ಬಡಗಿ ಎರಡನೆಯ ಹಲಗೆ ಎಳೆದ. ಅವತ್ತು ನಾಲ್ಕು ಹಲಗೆ ಕೊಯ್ದರು. ಹೊರಡುವಾಗ ಅವನು ಕುಳಿತುಕೊಳ್ಳಿ ಎನ್ನಲಿಲ್ಲ, ಮತ್ತೆ ಬನ್ನಿ ಎಂದೂ ಹೇಳಲಿಲ್ಲ. ಸೋಮವಾರ ಆರು ಹಲಗೆ ಇದೆ ಎಂದಷ್ಟೇ ಹೇಳಿದ. ಸೋಮವಾರ ಪಾಳಿ ಮುಗಿದ ಮೇಲೆ ಅವಳು ಹೋದಳು. ಬಡಗಿಯ ಹೆಂಡತಿ ಮಂಡಿ ಹಿಡಿದುಕೊಂಡು ಬಾಗಿಲವರೆಗೆ ಬಂದು ನಿಂತಿದ್ದಳು. ಮೊದಲ ಅರ್ಧ ಗಂಟೆ ಆಕೆ ಬೈದಳು. ಫೋನಕ್ಕ ಹಲಗೆಯ ತುದಿ ಬಿಡದೆ ಕೇಳಿಸಿಕೊಂಡಳು.